ಗುಡ್ಡದ ದಾರಿಗೆ ಗೇರ್ ಬೈಕೋ, ಸ್ಕೂಟರೋ?

ಪ್ರಶ್ನೆ: ಮನೆ ಕಾಸರಗೋಡಿನ ಮುಳ್ಳೇರಿಯದಿಂದ ಒಳಗೆ. ಡಾಂಬರು ಮುಗಿದ ಮೇಲೆ ಕಡಿದಾದ ಮಣ್ಣುದಾರಿ. ಆಗಾಗ ಅಡಿಕೆ ಗೋಣಿ ಪೇಟೆಗೆ ಒಯ್ಯಬೇಕು. ಅಮ್ಮನೂ ಓಡಿಸಲಿ ಅಂತ ಸ್ಕೂಟರ್ ನೋಡ್ತಿದ್ದೇನೆ. ಆದೀತಾ?

ಉತ್ತರ: ಹತ್ತುವುದಕ್ಕಿಂತ ಇಳಿಯುವುದನ್ನು ಯೋಚಿಸಿ ಅಣ್ಣಾ. ಬೈಕನ್ನು ಎರಡನೇ ಗೇರಿಗೆ ಹಾಕಿದರೆ ಇಂಜಿನ್ನೇ ಗಾಡಿಯನ್ನು ತಡೆದು ಹಿಡಿಯುತ್ತದೆ. ಸ್ಕೂಟರಿನಲ್ಲಿ ವೇಗ ತೀರಾ ಇಳಿದರೆ ಇಂಜಿನ್ನನ್ನು ಚಕ್ರಕ್ಕೆ ಜೋಡಿಸುವ ಕ್ಲಚ್ ತಾನೇ ಬಿಟ್ಟುಬಿಡುತ್ತದೆ. ಆಮೇಲೆ ಪೂರಾ ಭಾರ ಬ್ರೇಕಿಗೆ. ಚಕ್ರವೂ ಸಣ್ಣದು, ಮಳೆಗಾಲದ ಕೆಂಪು ಕೆಸರಲ್ಲಿ ಜಾರೋದು ಜಾಸ್ತಿ. ಗೋಣಿ ಹೊರೋದಾದ್ರೆ ಬೈಕೇ ಸರಿ.

ಇನ್ನೊಬ್ಬರು: ಅಮ್ಮನನ್ನು ಮರೀಬೇಡಿ! ಸ್ಕೂಟರ್ ಬಂದ ಮೇಲೆ ನನ್ನಕ್ಕ ಬದಿಯಡ್ಕಕ್ಕೆ ಹೋಗಲು ಯಾರನ್ನೂ ಕಾಯುವುದಿಲ್ಲ. ಗೋಣಿಗೆ ಜೀಪು ಕರೆಯಿರಿ. ಮುಂದೆ ಡಿಸ್ಕ್ ಬ್ರೇಕ್ ಇರುವ 125 ಸಿಸಿ ಸ್ಕೂಟರನ್ನೇ ತಗೊಳ್ಳಿ.