ವಾರಕ್ಕೆ ಎರಡು ರಾತ್ರಿ ಪೋಕರ್, ಮನೆಯಲ್ಲಿ ಬೇಸರ: ನಿಮ್ಮ ಅನುಭವ ಹೇಳಿ

ದಾವಣಗೆರೆ ಅಪ್ಪ:
ನನಗೆ 36 ವರ್ಷ, ಐದು ವರ್ಷದ ಮಗಳಿದ್ದಾಳೆ. 2025ರ ಆಗಸ್ಟ್‌ನಲ್ಲಿ ಕೇಂದ್ರದ ಕಾಯ್ದೆ ಬಂದು, ಆನ್‌ಲೈನಿನಲ್ಲಿ ಆಡುವ ಈ ಇಸ್ಪೀಟಿನ ಆಟದ ದುಡ್ಡಿನ ಟೇಬಲ್‌ಗಳು ಮುಚ್ಚಿದವು. ಆಮೇಲೆ ಕಾಲೇಜಿನ ಗೆಳೆಯರ ಜೊತೆ ಪುಕ್ಕಟೆ ಚಿಪ್ಸ್‌ನಲ್ಲಿ (ದುಡ್ಡಿನ ಬದಲು ಇಡುವ ಆಟದ ಬಿಲ್ಲೆ) ಮಾತ್ರ ಆಡುತ್ತೇನೆ. ಬುಧವಾರ ಮತ್ತು ಶನಿವಾರ, ರಾತ್ರಿ ಹತ್ತಕ್ಕೆ. ಹನ್ನೊಂದೂವರೆಗೆ ಏಳಬೇಕು ಅಂದುಕೊಂಡು ಕೂರುತ್ತೇನೆ, ಏಳುವಾಗ ಒಂದು ಗಂಟೆ. ದುಡ್ಡೇನೂ ಹೋಗುತ್ತಿಲ್ಲವಲ್ಲ ಅಂದರೆ ಹೆಂಡತಿ ಮಾತೇ ಆಡುವುದಿಲ್ಲ. ಪೂರ್ತಿ ಬಿಡಬೇಕಾ? ನಿಭಾಯಿಸಿದವರು ಯಾರಾದರೂ ಇದ್ದೀರಾ?

ಚಂದಾಪುರ ನಿವಾಸಿ:
ಬಿಟ್ಟುಬಿಡಿ. ನಾನು 2019ರಲ್ಲಿ ನೂರು ರೂಪಾಯಿಯ ಟೂರ್ನಮೆಂಟ್‌ಗಳಿಂದ ಶುರು ಮಾಡಿದೆ. 2023ರ ಡಿಸೆಂಬರ್‌ನಲ್ಲಿ ಬಿಟ್ಟ ಮೇಲೆ ಬ್ಯಾಂಕ್ ಸ್ಟೇಟ್‌ಮೆಂಟ್ ಪ್ರಿಂಟ್ ಹಾಕಿಸಿ, ಒಂದೊಂದು ಸಾಲಿಗೂ ಗೆರೆ ಎಳೆದು ಕೂಡಿಸಿದೆ. ಹಾಕಿದ್ದು 3,84,500. ತೆಗೆದದ್ದು 2,41,000. ಹೋದದ್ದು 1,43,500.

ದುಡ್ಡು ಹೋಗಲಿ. 2021ರ ಅಕ್ಟೋಬರ್ 5ಕ್ಕೆ ದುಡ್ಡಿನ ಆನ್‌ಲೈನ್ ಆಟಕ್ಕೆ ನಮ್ಮ ರಾಜ್ಯದ ನಿಷೇಧ ಜಾರಿಗೆ ಬಂತಲ್ಲ, ಆಗ ಕರ್ನಾಟಕದಲ್ಲಿ ಆ್ಯಪ್‌ನವರು ಟೇಬಲ್‌ಗೆ ಕೂರಲು ಬಿಡುತ್ತಿರಲಿಲ್ಲ. ತಮಿಳುನಾಡಿನ ನಿಷೇಧವನ್ನು ಅಲ್ಲಿನ ಹೈಕೋರ್ಟ್ ಆಗಸ್ಟ್‌ನಲ್ಲೇ ರದ್ದು ಮಾಡಿತ್ತು. ನಾನು ಊಟ ಮುಗಿಸಿ ಅತ್ತಿಬೆಲೆ ಗಡಿ ದಾಟಿ ಹೊಸೂರಿಗೆ ಹೋಗುತ್ತಿದ್ದೆ. ರಸ್ತೆ ಬದಿ ಕಾರು ನಿಲ್ಲಿಸಿ, ಒಳಗಿನ ದೀಪ ಆರಿಸಿ, ಸ್ಟೇರಿಂಗಿಗೆ ಫೋನ್ ಒರಗಿಸಿ ಆಡುತ್ತಿದ್ದೆ. ಮನೆಯಲ್ಲಿ ಆಫೀಸ್ ಕೆಲಸ ಅಂತ ಸುಳ್ಳು.

ಒಂದು ರಾತ್ರಿ ಮಗನಿಗೆ ಜ್ವರ 103 ಮುಟ್ಟಿತು. ಹೆಂಡತಿ ನಾಲ್ಕು ಸಲ ಫೋನ್ ಮಾಡಿದಳು. ಟೂರ್ನಮೆಂಟ್‌ನಲ್ಲಿ ಹನ್ನೊಂದು ಜನ ಉಳಿದಿದ್ದೆವು, ಒಂಬತ್ತು ಜನಕ್ಕೆ ಇಳಿದರೆ ಫೈನಲ್ ಟೇಬಲ್, ಅಂದರೆ ಕೊನೆಯ ಹಂತ. ಕಾಲ್ ಬಂದಾಗಲೆಲ್ಲ ಟೇಬಲ್ ಮರೆಯಾಗುತ್ತಿತ್ತು, ನಾನು ಕಟ್ ಮಾಡುತ್ತಿದ್ದೆ. ಹತ್ತನೆಯವನಾಗಿ ಹೊರಬಿದ್ದೆ. ಅಷ್ಟರಲ್ಲಿ ಪಕ್ಕದ ಮನೆಯವರು ಮಗನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು. ಅವರು ಎದುರಿಗೆ ಬಂದರೆ ಇವತ್ತಿಗೂ ನನಗೆ ತಲೆ ಎತ್ತಲು ಆಗುವುದಿಲ್ಲ.

ಲೆಕ್ಕದ ಮನುಷ್ಯ:
ಚಂದಾಪುರ ಸರ್, ಬೇಜಾರಾಗಬೇಡಿ, ಅದು ಆಟದ ತಪ್ಪಲ್ಲ. ಬ್ಯಾಂಕ್‌ರೋಲ್ (ಆಟಕ್ಕೆ ಅಂತಲೇ ಎತ್ತಿಟ್ಟ ದುಡ್ಡು) ಇಲ್ಲದೆ, ಮನೆಯಲ್ಲಿ ಸುಳ್ಳು ಹೇಳಿ ಕೂತಿರಿ. ನಾನು ಹೆಂಡತಿಗೆ ಪಾಸ್‌ವರ್ಡ್ ಸಮೇತ ಎಲ್ಲ ಕೊಟ್ಟಿದ್ದೆ. ಮೂರು ಬೈ-ಇನ್ (ಟೇಬಲ್‌ಗೆ ಕೂರಲು ಕಟ್ಟುವ ದುಡ್ಡು) ಹೋದರೆ ಲ್ಯಾಪ್‌ಟಾಪ್ ಮುಚ್ಚುವುದು, ಅದು ನಿಯಮ. ಎಲ್ಲವೂ ಎಕ್ಸೆಲ್‌ನಲ್ಲಿ. 2022ರಲ್ಲಿ ರೇಕ್ (ಆ್ಯಪ್‌ನವರು ಹಿಡಿಯುವ ಪಾಲು) ಕಳೆದು 62,000 ಲಾಭ ಇತ್ತು.

ನನ್ನನ್ನು ಎಬ್ಬಿಸಿದ್ದು ತೆರಿಗೆ. 2023ರ ಏಪ್ರಿಲ್‌ನಿಂದ ಗೆದ್ದ ದುಡ್ಡಿಗೆ 30% ಟಿಡಿಎಸ್. ಒಂದು ಸಲ 18,000 ಗೆದ್ದು ತೆಗೆದೆ, 5,400 ಅಲ್ಲೇ ಹೋಯಿತು. ಅದೇ ವರ್ಷ ಅಕ್ಟೋಬರ್ 1ರಿಂದ 28% ಜಿಎಸ್‌ಟಿ, ಅದೂ ಹಾಕಿದ ಪೂರ್ತಿ ದುಡ್ಡಿನ ಮೇಲೆ. 10,000 ಹಾಕಿದರೆ ಅದರಲ್ಲಿ 2,188 ತೆರಿಗೆಗೆ, ಆಡಲು 7,812. ಅದನ್ನು ಬೋನಸ್ ಅಂತ ತುಂಬಿಕೊಡುತ್ತಿದ್ದರು, ಆದರೆ ನಾನು ಆಡುತ್ತಿದ್ದ ಆ್ಯಪ್‌ನಲ್ಲಿ ಬೋನಸ್ ನೇರವಾಗಿ ಬ್ಯಾಂಕಿಗೆ ತೆಗೆಯಲು ಬರುತ್ತಿರಲಿಲ್ಲ. ಆ ತಿಂಗಳೇ ನಿಲ್ಲಿಸಿದೆ. ನಾನು ಸೋತು ಬಿಟ್ಟವನಲ್ಲ, ಲೆಕ್ಕ ನೋಡಿ ಬಿಟ್ಟವನು.

ದಾವಣಗೆರೆ ಅಪ್ಪ:
ಸರ್, ನನ್ನದು ದುಡ್ಡಿನ ಪ್ರಶ್ನೆ ಅಲ್ಲ. ಸಮಯದ್ದು.

ಎರಡು ಮಕ್ಕಳ ತಾಯಿ:
ನಾನು ಆಡುವವರ ಹೆಂಡತಿ. ನನ್ನ ಮಾತೂ ಇರಲಿ.

ಚಿಕ್ಕವನು ಹುಟ್ಟಿದ ವರ್ಷ ನಮ್ಮ ಯಜಮಾನರು ಮಗುವನ್ನು ಎಡಗಡೆ ಹೆಗಲಿಗೆ ಹಾಕಿಕೊಂಡು ಬಲಗೈಯಲ್ಲಿ ಆಡುತ್ತಿದ್ದರು. ಮಗು ಅತ್ತರೆ "ಒಂದು ಹ್ಯಾಂಡ್ ಇರು" ಅಂತ ನನಗೆ ಹೇಳುತ್ತಿದ್ದರು. ಆ ಒಂದು ಹ್ಯಾಂಡ್, ಅಂದರೆ ಒಂದು ಸುತ್ತಿನ ಆಟ, ಯಾವತ್ತೂ ಮುಗಿಯಲಿಲ್ಲ. ನಾನು ಮಲಗಿದ್ದೇನೆ ಅಂದುಕೊಂಡು ಹೊದಿಕೆ ಒಳಗೆ ಫೋನ್. ಬಟ್ಟೆಯ ನೂಲಿನ ಸಂದಿಯಿಂದ ಹಸಿರು ಬೆಳಕು ಕಾಣುತ್ತಿತ್ತು. ದೊಡ್ಡವಳ ಸ್ಕೂಲ್ ಫೀಸಿನ ಎರಡನೇ ಕಂತು 28,500 ಕಟ್ಟುವ ದಿನ ಖಾತೆಯಲ್ಲಿ 11,200 ಇತ್ತು. ನನ್ನ ತಮ್ಮನ ಹತ್ತಿರ ಕೈ ಚಾಚಿದೆ. ಅವನು ಯಾಕೆ ಅಂತ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿರುತ್ತಿತ್ತು.

ಲೆಕ್ಕದ ಸರ್, ನಿಮ್ಮ ಎಕ್ಸೆಲ್‌ನಲ್ಲಿ ಗಂಟೆ ಬರೆಯುವ ಕಾಲಂ ಇತ್ತಾ?

ಲೆಕ್ಕದ ಮನುಷ್ಯ:
ಇತ್ತು ಮೇಡಂ. 2022ರಲ್ಲಿ 412 ಗಂಟೆ.

ಎರಡು ಮಕ್ಕಳ ತಾಯಿ:
ಅಂದರೆ ಗಂಟೆಗೆ 150 ರೂಪಾಯಿ. ಆ ಹೊತ್ತಿನಲ್ಲಿ ಮನೆಯ ಕೆಲಸ ಯಾರು ಮಾಡಿದರು, ಅವರಿಗೆ ಎಷ್ಟು ಕೊಟ್ಟಿರಿ?

ಲೆಕ್ಕದ ಮನುಷ್ಯ:
ನಿಮ್ಮ ಮನೆಯ ಸಿಟ್ಟು ನನ್ನ ಮೇಲೆ ಬೇಡ. ನನ್ನ ಹೆಂಡತಿ ಒಂದು ದಿನವೂ ದೂರಿಲ್ಲ. ಕ್ರಿಕೆಟ್ ನೋಡಿ ರಾತ್ರಿ ಕಳೆಯುವವರನ್ನು ಯಾರೂ ಕೇಳಲ್ಲ. ಪೋಕರ್ ಅಂದ ಕೂಡಲೇ ಜೂಜುಕೋರ ಅಂತೀರಿ. ಇದು ಕೌಶಲದ ಆಟ. ನಮ್ಮ ಹೈಕೋರ್ಟೇ 2022ರ ಫೆಬ್ರವರಿ 14ರಂದು ಆ ನಿಷೇಧವನ್ನು ತೆಗೆದುಹಾಕಿತು.

ಚಂದಾಪುರ ನಿವಾಸಿ:
ದೂರಿಲ್ಲ ಅಂದರೆ ಒಪ್ಪಿಗೆ ಅಂತ ಅಲ್ಲ ಸರ್. ನನ್ನವಳೂ ದೂರಿರಲಿಲ್ಲ. ಮತ್ತೆ 2025ರ ಕಾಯ್ದೆ ಓದಿ. ದುಡ್ಡು ಕಟ್ಟಿ ಆಡುವುದಾದರೆ ಕೌಶಲವೋ ಅದೃಷ್ಟವೋ ಅಂತ ಅದು ನೋಡುವುದೇ ಇಲ್ಲ.

ಮಂಡ್ಯದವನು:
ಇಷ್ಟೊಂದು ಯಾಕೆ ರೀ? ನಮ್ಮ ಕಡೆ ಯುಗಾದಿ ಮಾರನೇ ದಿನ, ಹೊಸತೊಡಕಿಗೆ ಊರಿಗೆ ಊರೇ ಇಸ್ಪೀಟು ಆಡುತ್ತದೆ. ನಮ್ಮಪ್ಪ ವರ್ಷಕ್ಕೆ ಅದೊಂದು ದಿನ ಅಂದರ್ ಬಾಹರ್‌ಗೆ ಕೂರುತ್ತಿದ್ದರು. ಐನೂರು ಜೇಬಿಗೆ ಹಾಕಿಕೊಂಡು ಹೋಗಿ, ಖಾಲಿಯಾದರೆ ಎದ್ದು ಬಂದು ಬಾಡೂಟ ಮಾಡುತ್ತಿದ್ದರು. ಸಂಸಾರ ಏನೂ ಮುಳುಗಲಿಲ್ಲ.

ಎರಡು ಮಕ್ಕಳ ತಾಯಿ:
ಅಣ್ಣ, ನಿಮ್ಮಪ್ಪನ ಜೇಬು ಖಾಲಿಯಾಗುತ್ತಿತ್ತು, ಎದ್ದು ಬರುತ್ತಿದ್ದರು. ಫೋನಿಗೆ ಖಾಲಿ ಅನ್ನುವುದು ಎಲ್ಲಿದೆ? ಪುಕ್ಕಟೆ ಚಿಪ್ಸ್ ಮುಗಿದರೂ ಸ್ವಲ್ಪ ಹೊತ್ತಿಗೆ ಮತ್ತೆ ತುಂಬುತ್ತದೆ.

ಮಂಡ್ಯದವನು:
ಹಾಗಂತ ಹೊಸತೊಡಕನ್ನು ಇದರ ಜೊತೆ ಸೇರಿಸಬೇಡಿ ಅಕ್ಕ.

ಚಂದಾಪುರ ನಿವಾಸಿ:
ಸೇರಿಸಿದ್ದು ನೀವೇ ಅಲ್ವಾ? ನಾನು ಇಸ್ಪೀಟು ಕಲಿತದ್ದೂ ಹೊಸತೊಡಕಿನ ದಿನವೇ, ಮಾವನ ಮನೆ ಜಗಲಿಯ ಮೇಲೆ, ಹನ್ನೊಂದನೇ ವಯಸ್ಸಿಗೆ. ಗೆದ್ದ ಇಪ್ಪತ್ತು ರೂಪಾಯಿಯನ್ನು ಎಲ್ಲರೂ ಎತ್ತಿ ತೋರಿಸಿ ಹೊಗಳಿದರು.