ಓಕ್ರಾಟಾಕ್ಸಿನ್ ಎ ಮತ್ತು ಬಿ ನಡುವಿನ ಭೇದವನ್ನು ಡಿಎನ್‌ಎ ಸಂವೇದಕ ಹೇಗೆ ಗುರುತಿಸುತ್ತದೆ?

ಪ್ರಶ್ನೆ: ಜೀವರಸಾಯನ ವಿದ್ಯಾರ್ಥಿನಿ, ಕಲಬುರಗಿ

ಹಿಂದೆ ಹಗೇವುಗಳಲ್ಲಿ, ಈಗ ಚೀಲಗಳಲ್ಲಿ ನಮ್ಮ ಭಾಗದವರು ಜೋಳವನ್ನು ತಿಂಗಳುಗಟ್ಟಲೆ ಕೂಡಿಡುತ್ತಾರೆ. ತೇವ ತಗುಲಿದ ಕಾಳಿಗೆ ಹಿಡಿಯುವ ಬೂಷ್ಟಿನ ವಿಷವನ್ನು ಪತ್ತೆಹಚ್ಚುವ ಡಿಎನ್‌ಎ ಸಂವೇದಕವನ್ನೇ ಕಿರುಪ್ರಬಂಧಕ್ಕೆ ಆರಿಸಿಕೊಂಡಿದ್ದೇನೆ. ಆ ವಿಷವೇ ಓಕ್ರಾಟಾಕ್ಸಿನ್. ಓಕ್ರಾಟಾಕ್ಸಿನ್ ಎ ಅಣುವಿನಲ್ಲಿ ಕ್ಲೋರಿನ್ ಇರುವ ಜಾಗದಲ್ಲಿ ಬಿ ಅಣುವಿಗೆ ಹೈಡ್ರೋಜನ್ ಇದೆ; ಉಳಿದದ್ದೆಲ್ಲ ಒಂದೇ. ನಾಲ್ಕೇ ಬಗೆಯ ಅಕ್ಷರಗಳಿಂದಾದ ಡಿಎನ್‌ಎ ಎಳೆಗೆ ಇಷ್ಟು ಸಣ್ಣ ಭೇದ ತಿಳಿಯುವುದು ಹೇಗೆ?

ಉತ್ತರ 1: ಸಂಶೋಧಕ, ಬೀದರ್

ಇಲ್ಲಿ ಕೆಲಸ ಮಾಡುವುದು ಅಕ್ಷರಗಳ ಜೋಡಿಯಲ್ಲ, ಒಂಟಿ ಎಳೆ ಮಡಚಿಕೊಂಡಾಗ ಮೂಡುವ ಆಕಾರ. ಇಂಥ ಎಳೆಗೆ ಆಪ್ಟಮರ್ ಎನ್ನುತ್ತಾರೆ. 1990ರಲ್ಲಿ ಪ್ರಕಟವಾದ ಸೆಲೆಕ್ಸ್ ವಿಧಾನದಲ್ಲಿ, ಕೋಟಿಗಟ್ಟಲೆ ಯಾದೃಚ್ಛಿಕ ಎಳೆಗಳನ್ನು ಗುರಿ ಅಣುವಿಗೆ ಒಡ್ಡಿ, ಅಂಟಿದವುಗಳನ್ನು ಮಾತ್ರ ಉಳಿಸಿ, ಅವುಗಳ ಪ್ರತಿಗಳನ್ನು ಹೆಚ್ಚಿಸಿ, ಸುತ್ತಿನ ಮೇಲೆ ಸುತ್ತು ಸೋಸುತ್ತಾರೆ. ಆದರೆ ಗುರಿಗೆ ಅಂಟುವ ಎಳೆ ಅದರ ಸೋದರ ಅಣುವಿಗೂ ಅಂಟಬಹುದು. ಜೀವಕೋಶದ ಶಕ್ತಿವಾಹಕ ಅಣುವಾದ ಎಟಿಪಿಗೆಂದು 1995ರಲ್ಲಿ ದೊರೆತ ಆಪ್ಟಮರ್ ಅದರ ಸೋದರ ಅಣು ಅಡೆನೊಸಿನ್‌ಗೂ ಹಾಗೆಯೇ ಅಂಟುತ್ತದೆ, ಏಕೆಂದರೆ ಅದು ಹಿಡಿಯುವುದು ಎರಡರಲ್ಲೂ ಇರುವ ಭಾಗವನ್ನು. ಆದ್ದರಿಂದ ಭೇದ ಬೇಕಿದ್ದರೆ ಸೋದರ ಅಣುವಿಗೆ ಅಂಟುವ ಎಳೆಗಳನ್ನು ಆಯ್ಕೆಯ ಹಂತದಲ್ಲೇ ತೆಗೆದುಹಾಕಬೇಕು. 1994ರಲ್ಲಿ ಕೆಫೀನ್‌ಗೆ ಒಲಿದ ಎಳೆಗಳನ್ನು ಹೀಗೆ ತೊಳೆದು ತೆಗೆದಾಗ, ಒಂದೇ ಮೀಥೈಲ್ ಗುಂಪಿನ ವ್ಯತ್ಯಾಸವಿರುವ ಥಿಯೋಫಿಲಿನ್ ಎಂಬ ಉಬ್ಬಸದ ಔಷಧವನ್ನು ಕೆಫೀನ್‌ಗಿಂತ ಸುಮಾರು 10,000 ಪಟ್ಟು ಬಿಗಿಯಾಗಿ ಹಿಡಿಯುವ ಆರ್‌ಎನ್‌ಎ ಎಳೆ ದೊರೆಯಿತು. ಇದು ನನಗೆ ಇಂದಿಗೂ ಬೆರಗು ಹುಟ್ಟಿಸುವ ಫಲಿತಾಂಶ.

ನಿಮ್ಮ ವಿಷಕ್ಕೆ ಡಿಎನ್‌ಎ ಆಪ್ಟಮರ್ 2008ರಲ್ಲೇ ಪ್ರಕಟವಾಗಿದೆ. ಬಿ ಅಣುವಿಗೆ ಅದರ ಒಲವು ಸುಮಾರು 100 ಪಟ್ಟು ಕಡಿಮೆ. ಈ 100 ಒಂದು ಅನುಪಾತ ಮಾತ್ರ, ಗೋಡೆಯಲ್ಲ ಎಂಬುದನ್ನು ದಯವಿಟ್ಟು ಗಮನದಲ್ಲಿಡಿ: ಬಿ ಅಷ್ಟೇ ಪಟ್ಟು ಹೆಚ್ಚಿದ್ದರೆ ಸಂವೇದಕ ಎ ಇದೆಯೆಂದೇ ಹೇಳಬಹುದು.

ಉತ್ತರ 2: ರಸಾಯನಶಾಸ್ತ್ರ ಅಧ್ಯಾಪಕಿ, ಯಾದಗಿರಿ

ಲವಣಗಳನ್ನು ಮರೆಯಬೇಡಿ. ಈ ಆಪ್ಟಮರ್ ಬಿಗಿಯಾಗಿ ಹಿಡಿಯಲು ಕ್ಯಾಲ್ಸಿಯಂ ಅಥವಾ ಮೆಗ್ನೀಸಿಯಂ ಬೇಕು. ನಮ್ಮ ಕಡೆಯ ಗಡಸು ಬೋರ್‌ವೆಲ್ ನೀರು ಯಾವ ಹಂತದಲ್ಲಾದರೂ ಸೇರಿದರೆ ಒಂದು ದಿನದ ಫಲಿತಾಂಶ ಮರುದಿನಕ್ಕೆ ಹೊಂದುವುದಿಲ್ಲ. ಬಟ್ಟಿ ಇಳಿಸಿದ ನೀರಿನಲ್ಲಿ ಲವಣಗಳನ್ನು ತೂಕ ಮಾಡಿ ಬೆರೆಸಿದ ಬಫರ್ (ಆಮ್ಲತೆ ಬದಲಾಗದಂತೆ ಕಾಯುವ ದ್ರಾವಣ) ಒಂದನ್ನೇ ಬಳಸಿ. ಜೋಳದ ಹಿಟ್ಟಿನಿಂದ ವಿಷವನ್ನು ಮೆಥನಾಲ್‌ನಲ್ಲಿ ತೆಗೆಯುವಿರಾದರೆ, ಆ ದ್ರಾವಣವನ್ನು ಬಫರ್‌ನಲ್ಲಿ ಚೆನ್ನಾಗಿ ತೆಳುಗೊಳಿಸಿದ ಮೇಲೆಯೇ ಅಳೆಯಿರಿ.

ಪ್ರಶ್ನೆ ಕೇಳಿದವರಿಂದ

ಹಾಗಾದರೆ ಬಿ ಅಣುವಿನ ಪರೀಕ್ಷೆಯನ್ನು ಶುದ್ಧ ಬಫರ್‌ನಲ್ಲಿ ಮಾಡಿದರೆ ಸಾಕೇ?

ಉತ್ತರ 1: ಸಂಶೋಧಕ, ಬೀದರ್

ಸಾಲದು. ವಿಷವಿಲ್ಲದ ಜೋಳದ ಸಾರಕ್ಕೆ ಎ ಬೆರೆಸಿ, ಬಿ ಅಣುವನ್ನು ಅದರ ಸಮ, 10 ಪಟ್ಟು, 100 ಪಟ್ಟು ಪ್ರಮಾಣಗಳಲ್ಲಿ ಸೇರಿಸಿ ನೋಡಿ. ಅವೇ ಮಾದರಿಗಳನ್ನು, ಮಿಶ್ರಣದ ಅಣುಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಉಪಕರಣದಲ್ಲೂ ಅಳೆಸಿ, ಎರಡೂ ಅಂಕಿಗಳನ್ನು ಒಂದೇ ಕೋಷ್ಟಕದಲ್ಲಿ ಕೊಡಿ.