ಪುಟ್ಟಿ ಕೇಳಿದ್ದಕ್ಕೆ, ಎಲ್ರೂ ಕೇಳಿಸ್ಕೊಳಿ

ಪುಟ್ಟಿ, ನಿನ್ನ ಮೆಸೇಜು ಈಗ ನೋಡ್ದೆ ಕಣೇ, ಬೆಳಗ್ಗೆಯಿಂದ ನೆಟ್‌ವರ್ಕ್ ಇರ್ಲಿಲ್ಲ, ಮಳೆ ಹಿಡಿದ್ರೆ ನಮ್ಮೂರು ಗೊತ್ತಲ್ಲ. ಭಾನುವಾರ ಮರಿ ಬರ್ತ್‌ಡೇಗೆ ಎಲ್ಲಾ ತಿಂಡಿಗೂ ಚೀಸ್ ಇಲ್ಲಾ ಚಾಕೊಲೇಟ್ ಹಾಕು ಅಂತ ಹಟ ಮಾಡ್ತಿದಾನೆ, 40 ಜನ ಬರ್ತಾರೆ, ಇವೆರಡೂ ಯಾವ್ದಕ್ಕಾದ್ರೂ ಹೊಂದುತ್ತೆ ಅಂತಾರಲ್ಲ ನಿಜಾನಾ ದೊಡ್ಡಮ್ಮ, ಕೆಟ್ರೆ ಅತ್ತೆ ಮುಂದೆ ಏನ್ ಗತಿ ಅಂತ ಕೇಳಿದೀಯ. ನಂಗೆ ಟೈಪ್ ಮಾಡಕ್ಕೆ ಕಣ್ಣು ಕಾಣಲ್ಲ, ಮಾತಾಡ್ತಿದೀನಿ, ಅದೇ ಬರ್ಕೊಳುತ್ತೆ, ತಪ್ಪಿದ್ರೆ ಸರಿ ಮಾಡ್ಕೊಂಡು ಓದ್ಕೊಳಿ.

ಎಲ್ಲಾದಕ್ಕೂ ಹೊಂದುತ್ತೆ ಅನ್ನೋದೆಲ್ಲ ಸುಳ್ಳು. ದೊಡ್ಡೋನ ನಿಶ್ಚಿತಾರ್ಥ ನೆನಪಿದ್ಯಾ, 1998ರಲ್ಲಿ, ನೀನಾಗ ಲಂಗ ಎತ್ಕೊಂಡು ಕಣದಲ್ಲಿ ಓಡಾಡ್ತಿದ್ದೆ. ಅದಕ್ಕೆ ಒಂದು ತಿಂಗಳ ಮುಂಚೆ ನಿಮ್ಮ ದೊಡ್ಡಪ್ಪನ ಜೊತೆ ಪ್ಲಾಂಟರ್ಸ್ ಪಾರ್ಟಿ ಒಂದಕ್ಕೆ ಹೋಗಿದ್ದೆ, ಅಲ್ಲಿ ಚೀಸು, ಅನಾನಸು, ಕೆಂಪು ಚೆರ್ರಿ ಮೂರನ್ನೂ ಕಡ್ಡಿಗೆ ಚುಚ್ಚಿ ಟ್ರೇಲಿ ಹಿಡ್ಕೊಂಡು ಬಂದ್ರು, ಬಾಯಿಗಿಟ್ರೆ ಆಹಾ. ಬೀಗರು ಬೆಂಗಳೂರೋರು ಬೇರೆ. ನಾನೂ ಮಾಡೇ ಬಿಡ್ತೀನಿ ಅಂತ ಹಾಸನದಿಂದ ಟಿನ್ ಚೀಸ್ ತರ್ಸಿ, ಅನಾನಸ್ ನಮ್ಮ ತೋಟದ್ದೇ ಇತ್ತಲ್ಲ, ಘಮಘಮ ಅನ್ನೋ ಹಣ್ಣು, ಹಿಂದಿನ ರಾತ್ರಿನೇ ಹೆಚ್ಚಿ, ಕಡ್ಡಿಗೆ ಚುಚ್ಚೋ ಬದ್ಲು ಬಟ್ಟೇಲಿ ಕಟ್ಟಿ ನೀರಿಳಿಸಿದ ಗಟ್ಟಿ ಮೊಸರಿಗೆ ಸಕ್ಕರೆ ಹಾಕಿ ಎಲ್ಲಾ ಕಲ್ಸಿ ಫ್ರಿಜ್ಜಲ್ಲಿಟ್ಟೆ. ಬೆಳಗ್ಗೆ ಗಡಿಬಿಡಿ, ರುಚಿ ನೋಡ್ಲಿಲ್ಲ. ಹಾಗೇ ಬಡಿಸ್ದೆ. ಬೀಗಿತ್ತಿ ಒಂದು ಚಮಚ ಬಾಯಿಗಿಟ್ಟು ಮುಖ ಹೆಂಗ್ ಮಾಡಿದ್ರು ಅಂತೀಯ! ಹಾಗಲಕಾಯಿ ಕಹಿ ಕಣೇ, ಬೇವಿನ ಕಹಿ. ಚೀಸು ಮೇಲ್ಗಡೆ ಲೋಳೆ ಲೋಳೆ, ಮೊಸರು ನೀರಾಗಿ ಕೂತಿದೆ.

ಆಮೇಲೆ ಪಕ್ಕದ ತೋಟದವ್ರ ಮಗಳು, ಹೋಂ ಸೈನ್ಸ್ ಓದ್ತಿದ್ಲು, ಅವ್ಳು ಹೇಳಿದ್ದು. ಹಸಿ ಅನಾನಸ್ಸಲ್ಲಿ ಬ್ರೊಮೆಲಿನ್ ಅಂತ ಒಂದು ಎಂಜೈಮ್ ಇರುತ್ತಂತೆ, ಅದು ಹಾಲಿನ ಪ್ರೋಟೀನ್ ಒಡೆದು ಹಾಕುತ್ತೆ, ಅದಕ್ಕೇ ಕಹಿ. ಮಟನ್ ಬೇಗ ಬೇಯ್ಲಿ ಅಂತ ಪರಂಗಿಕಾಯಿ ಹಾಕ್ತೀವಲ್ಲ, ಅದೇ ಥರದ್ದು. ಬೇಯಿಸಿಬಿಟ್ರೆ ಅದು ಸತ್ತೋಗುತ್ತೆ. ಪಾರ್ಟಿಯವ್ರು ಹಾಕಿದ್ದು ಡಬ್ಬಿ ಹಣ್ಣು, ಡಬ್ಬಿಗೆ ತುಂಬೋವಾಗ್ಲೇ ಬೇಯಿಸಿರ್ತಾರೆ. ನಂಗೇನ್ ಗೊತ್ತು, ತಾಜಾ ಇದ್ರೆ ಇನ್ನೂ ಚೆನ್ನ ಅನ್ಕೊಂಡೆ. ಅದಕ್ಕೇ ಹೇಳೋದು, ಹಸಿ ಅನಾನಸ್ ಜೊತೆ ಚೀಸು, ಮೊಸರು, ಕ್ರೀಮು ಏನೂ ಕಲ್ಸಿ ಇಡ್ಬೇಡ.

ತಡಿ, ಕುಕ್ಕರ್ ಕೂಗ್ತು... ಹಾಂ.

ಕಹಿಯಾಗಿದ್ದು ಹೋಗ್ಲಿ. ಅವತ್ತು ನಮ್ಮ ವಾರಗಿತ್ತಿ, ಈ ಗ್ರೂಪಲ್ಲೇ ಇದಾಳೆ, ಕೇಳಿಸ್ಕೊಳ್ಳಿ ಬಿಡಿ, ತುಂಬಿದ ಪಂಕ್ತೀಲಿ "ಅಕ್ಕನಿಗೆ ಕಡುಬು ಮಾಡು ಅಂದ್ರೆ ಸಾಕಿತ್ತು" ಅಂದ್ಲು. ನಿಮ್ಮ ದೊಡ್ಡಪ್ಪನೂ ನಕ್ರು. ಬೆಳಗಿನ ಜಾವ ಮೂರು ಗಂಟೆಗೆ ಎದ್ದು ನೂರೈವತ್ತು ಕಡುಬು ಕಟ್ಟಿದ್ದು ಯಾರು, ಕೆಸುವಿನ ಸೊಪ್ಪು ಕೊಯ್ದು ಕೈ ಕೆರ್ಕೊಂಡಿದ್ದು ಯಾರು, ಅದನ್ನ ಒಬ್ರೂ ಅನ್ನಲ್ಲ. ಇವತ್ತಿಗೂ ಯಾವ ಮದ್ವೆಗೆ ಹೋದ್ರೂ "ಅನಾನಸ್ ಅತ್ತಿಗೆ ಬಂದ್ರು" ಅಂತ ಶುರು. ನನ್ನ ಸ್ಟೀಲ್ ಹರಿವಾಣ, ಅವತ್ತು ಸಿಹಿ ತುಂಬ್ಸಿ ಕಳ್ಸಿದ್ದು, ಯಾರ ಮನೆ ಅಟ್ಟದ ಮೇಲಿದ್ಯೋ ದೇವ್ರಿಗೇ ಗೊತ್ತು. ದಿನಾ ಗುಡ್ ಮಾರ್ನಿಂಗ್ ಹಾಕ್ತೀನಿ, ಒಬ್ರು ನೋಡಲ್ಲ, ಅಡುಗೆ ಕೆಡುತ್ತೆ ಅಂದಾಗ ದೊಡ್ಡಮ್ಮ ಬೇಕು.

ಪುಟ್ಟಿ, ನಿಂಗಂದಿದ್ದಲ್ಲ ಕಣೇ. ಮತ್ತೆ ಹೇಳ್ತೀನಿ, ಹಸಿ ಅನಾನಸ್ಸು ಹಾಲಿನ ಪದಾರ್ಥ ಸೇರಿಸ್ಬೇಡ, ಹಾಕ್ಲೇಬೇಕು ಅಂದ್ರೆ ಸಕ್ಕರೆ ಹಾಕಿ ಚೆನ್ನಾಗಿ ಕುದಿಸಿ, ಪೂರ್ತಿ ಆರಿಸಿ ಹಾಕು.

ಏನೋ ಕೇಳಿದ್ಯಲ್ಲ ನೀನು, ಹಾಂ, ಯಾವ್ದಕ್ಕೆ ಹೊಂದುತ್ತೆ ಅಂತ. ಚೀಸ್ ಅಕ್ಕಿರೊಟ್ಟಿಗೆ ಹೊಂದುತ್ತೆ, ಆಲೂಗಡ್ಡೆಗೆ, ಜೋಳಕ್ಕೆ, ದೋಸೆಗೆ. ಆದ್ರೆ ಚೀಸಲ್ಲೇ ಉಪ್ಪಿದೆ, ಹಿಟ್ಟಿಗೆ ಹಾಕೋ ಉಪ್ಪು ಅರ್ಧಕ್ಕೆ ಇಳ್ಸು, ಇದೇ ಮೊದ್ಲು ಹೇಳ್ಬೇಕಿತ್ತು. ಚಿಕ್ಕಪ್ಪಂಗೆ ಬಿಪಿ ಇದೆ, ಅವ್ರಿಗೆ ಚೀಸ್ ಇಲ್ದಿರೋದು ಬೇರೆ ಇಡು. ಮೇಲೆ ನಮ್ಮ ಕಾಳುಮೆಣಸು ಕುಟ್ಟಿ ಉದುರ್ಸು, ಇಟಲಿಯವ್ರು ಬರೀ ಚೀಸು ಮೆಣಸು ಹಾಕೇ ಪಾಸ್ತಾ ಮಾಡ್ತಾರಂತೆ. ಬಸ್ಸಾರಿಗೆ, ಹುಣಸೆಹುಳಿ ಬಿದ್ದಿರೋ ಯಾವ್ದಕ್ಕೂ ಬೇಡ, ನಂಗಂತೂ ಸೇರಲ್ಲ. ಚೀಸ್ ಖಾಲಿ ಆಯ್ತು ಅಂತ ಪನೀರ್ ಹಾಕ್ಬೇಡ, ಪನೀರ್ ಕರಗಲ್ಲ.

ಚಾಕೊಲೇಟ್ ವಿಷಯ, ನಮ್ಮಕ್ಕನ್ನ ಘಟ್ಟದ ಕೆಳಗೆ ಕೊಟ್ಟಿರೋದಲ್ವಾ, ಅವ್ರ ಅಡಿಕೆ ತೋಟದಲ್ಲಿ ಕೋಕೋ ಇತ್ತು, 1986ರಲ್ಲಿ ಪುತ್ತೂರಲ್ಲಿ ಕ್ಯಾಂಪ್ಕೋ ಚಾಕೊಲೇಟ್ ಫ್ಯಾಕ್ಟರಿ ಬಂತಲ್ಲ. ಆ ಹಣ್ಣಿನ ಬಿಳಿ ತಿರುಳು ಸಿಹಿ, ಒಳಗಿನ ಬೀಜ ಕಚ್ಚಿದ್ರೆ ಬರೀ ಕಹಿ. ಸಕ್ಕರೆ ಹಾಕಿದ್ಮೇಲೆ ತಾನೆ ಎಲ್ರಿಗೂ ಇಷ್ಟ ಆಗೋದು. ಬಾಳೆಹಣ್ಣು, ಕಿತ್ತಳೆ, ಹುರಿದ ಕಡ್ಲೆಕಾಯಿ, ಕಾಫಿ, ಇವಕ್ಕೆ ಚೆನ್ನ. ಬಿಸಿನೀರಿನ ಪಾತ್ರೆ ಮೇಲೆ ಬಟ್ಲಿಟ್ಟು ಕರಗ್ಸು, ಒಂದು ಹನಿ ನೀರು ಬಿದ್ರೂ ಮರಳು ಮರಳಾಗಿ ಗಟ್ಟಿಯಾಗುತ್ತೆ, ಚಮಚ ಒರ್ಸಿ ಹಾಕು. ಮಕ್ಕಳು ಮಿಗ್ಸಿದ್ದನ್ನ ನಾಯಿಗೆ ಹಾಕಕ್ಕೆ ಬಿಡ್ಬೇಡ, ನಾಯಿಗೆ ಚಾಕೊಲೇಟ್ ವಿಷ ಕಣೇ.

ಇವತ್ತೇ ಒಂದೊಂದು ರೊಟ್ಟಿ ತಟ್ಟಿ ಮರಿಗೆ ಕೊಟ್ಟು ನೋಡು. ಅಕ್ಕಿಹಿಟ್ಟು ಎಷ್ಟು ಬೇಕು ಹೇಳು, ಶನಿವಾರ ಮಿಲ್ಲಿಗೆ ಹೋಗೋನಿದ್ದೀನಿ ಅಂತ ದೊಡ್ಡಪ್ಪ ಅಂತಿದಾರೆ.